ಏಳು ಅರ್ಧಗಳ ಮಾವ

ನನ್ನ ಮಾವ ಇಡೀ ಬನ್ಸ್ ತಿಂದದ್ದನ್ನು ಕಂಡವರು ನಮ್ಮ ಮಣ್ಣಗುಡ್ಡದಲ್ಲಿ ಯಾರೂ ಇಲ್ಲ. ಹಾಗಾದರೆ ಅವರ ಶುಗರ್ ಯಾಕೆ ಇಳಿಯುವುದಿಲ್ಲ? ಅದಕ್ಕೆ ಉತ್ತರ ಸಿಗುವ ಹೊತ್ತಿಗೆ ನಾನು ಸುಸ್ತಾಗಿ ಹೋಗಿದ್ದೆ!

ಮಾವ ಎಂದರೆ ಅಮ್ಮನ ತಮ್ಮ. ಗಲ್ಫಿನಲ್ಲಿ ಬಹಳ ವರ್ಷ ದುಡಿದು, ಮದುವೆಯ ಮಾತು ಬಂದಾಗಲೆಲ್ಲ ಬರುವ ವರ್ಷ ನೋಡುವ ಎನ್ನುತ್ತಲೇ ತಲೆ ಬೆಳ್ಳಗಾಗಿ, ಈಗ ನಮ್ಮ ಮನೆಯ ಮಹಡಿಯಲ್ಲಿದ್ದಾರೆ. ಸಿಹಿ ತಿನ್ನಲು ಆಸೆಯಾದರೆ ಅರ್ಧ ತಿನ್ನಿ, ಹೆಚ್ಚು ಬೇಡ ಎಂದು ಡಾಕ್ಟರು ಹೇಳಿದ್ದರು. ಇಂಥ ವಿಧೇಯ ರೋಗಿ ಅವರಿಗೆ ಬೇರೆ ಯಾರು ಸಿಕ್ಕಾರು? ಮಾವ ಬೆಳಿಗ್ಗೆ ಹೋಟೆಲಿನಲ್ಲಿ ಬಾಳೆಹಣ್ಣಿನ ಬನ್ಸ್ ಕಟ್ಟಿಸಿಕೊಂಡು ತಿರುಗಾಟಕ್ಕೆ ಹೊರಡುತ್ತಾರೆ. ಹೋದಲ್ಲೆಲ್ಲ ಒಂದನ್ನು ತೆಗೆದು ಎರಡು ಮಾಡಿ, ಅರ್ಧ ಆ ಮನೆಯವರ ಕೈಗೆ, ಅರ್ಧ ತಮ್ಮ ಬಾಯಿಗೆ. ಪಕ್ಕದ ಮನೆಯ ಹೆಂಗಸು ನಿವೃತ್ತ ನರ್ಸ್. ಅವರೇ ನನ್ನ ಹತ್ತಿರ, ನಿಮ್ಮ ಮಾವನಿಗೆ ಎಷ್ಟು ಕಂಟ್ರೋಲ್ ಉಂಟು ಎಂದು ಹೊಗಳಿದ್ದರು! ಒಮ್ಮೊಮ್ಮೆ ಬಸ್ಸು ಹತ್ತಿ ತೊಕ್ಕೊಟ್ಟಿನ ಹಳೆಯ ಗೆಳೆಯನ ಅಂಗಡಿಗೂ ಹೋಗುತ್ತಾರೆ. ಅರ್ಧ ಬನ್ಸ್ ತಿನ್ನಲು ನೇತ್ರಾವತಿ ಹೊಳೆ ದಾಟುವವರಿಗೆ ಏನು ಹೇಳುವುದು?

ನಾನು ಗಣಿತದ ಟೀಚರ್. ಶಾಲೆಯಲ್ಲಿ ವಿಷಮ ಭಿನ್ನರಾಶಿ, ಸಂಜೆ ಮನೆಯ ಟ್ಯೂಷನಿನಲ್ಲಿ ಮತ್ತೆ ಅದೇ. ಮೇಲಿನ ಅಂಶ ದೊಡ್ಡದು, ಕೆಳಗಿನ ಛೇದ ಸಣ್ಣದು, ಹಾಗಾಗಿ ಭಾಗಿಸಿ ಮಿಶ್ರ ಭಿನ್ನರಾಶಿ ಮಾಡಿ ಎಂದು ಹೇಳಿ ಹೇಳಿ ಗಂಟಲು ಹರಿದಿದೆ. ಜಗಲಿಯಲ್ಲಿ ಪೇಪರ್ ಓದುವ ಮಾವನಿಗೆ ಇದು ಸರಿ ಕಾಣುವುದಿಲ್ಲ. ಒಂಬತ್ತು ಕಾಲುಭಾಗ ಅಂದರೆ ಒಂಬತ್ತು ಕಾಲುಭಾಗವೇ, ಅದನ್ನು ಎರಡೂಕಾಲು ಮಾಡಿ ಯಾರಿಗೆ ಲಾಭ ಎಂದು ಮಕ್ಕಳ ಎದುರೇ ಕೇಳುತ್ತಾರೆ. ಮಕ್ಕಳಿಗೆ ಅಷ್ಟೇ ಸಾಕು, ಪುಸ್ತಕ ಮುಚ್ಚುತ್ತಾರೆ!

ಮೊನ್ನೆ ರಿಪೋರ್ಟ್ ಬಂತು. ಇನ್ನೊಂದು ತಿಂಗಳಲ್ಲಿ ಶುಗರ್ ಇಳಿಯದಿದ್ದರೆ ದಿನಾ ಇನ್ಸುಲಿನ್ ಎಂದರು ಡಾಕ್ಟರು. ಮರಳುಗಾಡಿಗೆ ಹೆದರದ ಮಾವ ಸೂಜಿಗೆ ಬೆವರಿದರು. ಅರ್ಧಕ್ಕಿಂತ ಹೆಚ್ಚು ಮುಟ್ಟಿಲ್ಲ ಎಂದು ಆಣೆ ಹಾಕಿದರು. ಅದು ಸುಳ್ಳೂ ಅಲ್ಲವಲ್ಲ!

ಮನೆಗೆ ಬಂದು ಅವರನ್ನು ಟ್ಯೂಷನಿನ ಬೋರ್ಡಿನ ಮುಂದೆ ಕೂರಿಸಿದೆ. ದಿನಕ್ಕೆ ಎಷ್ಟು ಕಡೆ ಅರ್ಧ? ಬೆರಳು ಮಡಚಿ ಲೆಕ್ಕ ಹಾಕಿ, ಏಳು ಎಂದರು. ಏಳು ಅರ್ಧಚಂದ್ರ ಬರೆದು, ಜೋಡಿಸಿ ನೋಡಿ ಎಂದು ಚಾಕ್ ಕೊಟ್ಟೆ. ಮಾವ ಎರಡೆರಡನ್ನು ಸೇರಿಸಿ ಸುತ್ತು ಹಾಕುತ್ತಾ ಹೋದರು. ಮೂರು ಇಡೀ ಬನ್ಸ್, ಮೇಲೊಂದು ಅರ್ಧ. ಚಾಕ್ ಕೆಳಗಿಟ್ಟರು.

"ಹೊಟ್ಟೆಗೆ ಛೇದ ಕಾಣುವುದಿಲ್ಲ ಮಾವ, ಅದು ಕೂಡಿಸಿಯೇ ಇಟ್ಟುಕೊಳ್ಳುತ್ತದೆ," ಎಂದೆ. ಗೆದ್ದೆ ಎಂದುಕೊಂಡೆ. ಇನ್ನು ಮೇಲೆ ಬನ್ಸ್ ಇಡಿಯಾಗಿ ಆ ಮನೆಯವರಿಗೇ ಕೊಟ್ಟುಬಿಡಿ, ನೀವು ತಿನ್ನಬೇಡಿ ಎಂದೂ ಸೇರಿಸಿದೆ.

ಮಾವ ಕೈಯ ಚಾಕ್ ಪುಡಿ ಒರೆಸಿಕೊಂಡರು.

"ಇಡೀ ಕೊಟ್ರೆ ಫ್ರಿಜ್ಜಿನಲ್ಲಿಟ್ಟು ಅವರವರ ಕೆಲಸಕ್ಕೆ ಹೋಗ್ತಾರೆ ಮಾರಾಯ್ತಿ. ಯಾರಿಗೆ ಪುರುಸೊತ್ತು ಉಂಟು? ಮುರಿದ ಅರ್ಧ ಇಡ್ಲಿಕ್ಕೆ ಆಗುವುದಿಲ್ಲ. ಅದನ್ನು ತಿಂದು ಮುಗಿಸುವವರೆಗೆ ನನ್ನ ಹತ್ತಿರ ಕೂತುಕೊಳ್ತಾರೆ. ಇಡೀ ತಿಂದದ್ದೆಲ್ಲ ಗಲ್ಫಿನಲ್ಲಿ ಆಯ್ತು, ರೂಮಿನಲ್ಲಿ ಒಬ್ಬನೇ."

ನಾನು ಜೋಡಿಸಿದ ಅರ್ಧಗಳು ಒಂದಕ್ಕೊಂದು ಸೇರಿದವುಗಳೇ ಅಲ್ಲ. ಪ್ರತಿಯೊಂದರ ಜೋಡಿ ಬೇರೆ ಬೇರೆ ಮನೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಅವರ ಚೀಲಕ್ಕೆ ಎಳೆಯ ಮುಳ್ಳುಸೌತೆ ತುಂಬಿಸಿ, ಚಿಕ್ಕ ಚೂರಿಯನ್ನೂ ಇಟ್ಟು, ಕತ್ತರಿಸಿದರೆ ಇದೂ ಇಡಲಿಕ್ಕೆ ಆಗುವುದಿಲ್ಲ ಎಂದೆ. ಮಾವ ಚೀಲದೊಳಗೆ ನೋಡಿದರು, ನನ್ನ ಮುಖ ನೋಡಿದರು. ಒಂದನ್ನು ಅಲ್ಲೇ ತೆಗೆದು ಉದ್ದಕ್ಕೆ ಸೀಳಿ ಅರ್ಧವನ್ನು ನನ್ನ ಕಡೆ ಚಾಚಿದರು. ನನಗೆ ಶಾಲೆಗೆ ಹೊತ್ತಾಗಿತ್ತು. ಚಪ್ಪಲಿ ಕಳಚಿ ಅವರ ಪಕ್ಕದಲ್ಲಿ ಕೂತೆ.