ಕೈ ಮುಗಿದು ನೋಡಿದ ಕುದುರೆ ರೇಸು

ಅಳಬೇಕು ಎಂದು ಕೂತಾಗಲೇ ನನಗೆ ನಗು ಬರುವಂಥದ್ದು ಏನಾದರೂ ಆಗುತ್ತದೆ. ದೇವರ ಸ್ವಭಾವವೇ ಹಾಗಿರಬೇಕು ಎಂದು ಈಗೀಗ ಒಪ್ಪಿಕೊಂಡುಬಿಟ್ಟಿದ್ದೇನೆ.

ನಮ್ಮ ಮನೆಯವಳು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದೆ. ಎಲ್ಲದರಲ್ಲೂ ತುಟಿ ಬಿಗಿದುಕೊಂಡೇ ನಿಂತಿದ್ದಾಳೆ. ಮುಂದಿನ ಹಲ್ಲು ಒಂದು ಸೊಟ್ಟ, ಅದಕ್ಕೆ ನಾಚಿಕೆ. ನಗು ಬಂದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವಳು ಬಾಯ್ತುಂಬ ನಕ್ಕಿದ್ದಕ್ಕೆ ಸಾಕ್ಷಿ ಉಳಿದಿದ್ದರೆ ಒಂದೇ ಕಡೆ. ಬಹಳ ಹಿಂದೆ ಸಾಗರದ ಹತ್ತಿರ ಒಂದು ಬಯಲಿನಲ್ಲಿ ತೆಗೆದ ಕಪ್ಪು ಬಿಳುಪಿನ ಹಾಸ್ಯ ಸಿನಿಮಾ, ಕುದುರೆ ರೇಸಿನ ಕಥೆ. ಆ ತಂಡಕ್ಕೆ ಅಡಿಗೆ ಮಾಡಿದವನು ನಾನು. ರೇಸು ನೋಡುವ ಗುಂಪಿನಲ್ಲಿ ನಿಂತವಳು ಅವಳು. ಊರೆಲ್ಲ ಆ ನಗುವನ್ನು ನೋಡಿತು, ನಾನೊಬ್ಬ ಬಿಟ್ಟು.

ಗಿರಾಕಿಗಳು

ರೇಸಿನ ಸಿನಿಮಾ, ಆದರೆ ಕುದುರೆ ಒಂದೇ. ನಿರ್ಮಾಪಕರ ಕೈಲಿ ಅಷ್ಟೇ ಆಗುತ್ತಿದ್ದದ್ದು. ಹಣೆಗೆ ಸುಣ್ಣ ಬಳಿದರೆ ಒಂದು ಕುದುರೆ, ಒರೆಸಿದರೆ ಇನ್ನೊಂದು. ಅದಾದರೂ ಎಂಥದ್ದು? ಸಾಗರದ ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಎಳೆಯುತ್ತಿದ್ದ ಸಾಧು ಪ್ರಾಣಿ.

ಕುದುರೆ ಓಡಿ ಬಂತು. ಜನ ಹೇಳಿಕೊಟ್ಟ ಹಾಗೆ ಕೈ ಎತ್ತಿ ಕೂಗಿದರು. ಕುದುರೆ ಗಕ್ಕನೆ ನಿಂತಿತು. ಮತ್ತೆ ಓಡಿಸಿದರು, ಮತ್ತೆ ಅಲ್ಲೇ ನಿಂತಿತು. ಡೈರೆಕ್ಟರು ತಲೆ ಚಚ್ಚಿಕೊಂಡರು.

"ಅದ್ರದ್ದು ತಪ್ಪಿಲ್ಲ ಸ್ವಾಮಿ," ಎಂದ ಜಟಕಾದವನು. "ಕೈ ಎತ್ತಿದ್ರೆ ನಿಲ್ಬೇಕು ಅಂತ ನಾನೇ ಕಲ್ಸಿದ್ದು. ಇಷ್ಟೊಂದು ಗಿರಾಕಿ ಅದು ಯಾವತ್ತೂ ಕಂಡಿಲ್ಲ."

ಕೊನೆಗೆ ಎಲ್ಲರೂ ಕೈ ಮುಗಿದು ನಿಲ್ಲಬೇಕು ಎಂದು ಅಪ್ಪಣೆಯಾಯಿತು. ಪಲ್ಲಕ್ಕಿ ಬಂದ ಹಾಗೆ ಜನ ಕೈ ಮುಗಿದರು. ಕುದುರೆ ಓಡಿತು, ಸವಾರ ಮಾತ್ರ ಕೆಸರಿನಲ್ಲಿ ಉಳಿದ. ನಮ್ಮವಳಿಗೆ ನಗು ತಡೆಯಲಾಗಲಿಲ್ಲ. ನಾನು ಆ ಹೊತ್ತಿಗೆ ಒಲೆಯ ಮುಂದೆ ಉಪ್ಪಿಟ್ಟು ಕೆದಕುತ್ತಿದ್ದೆ. ಜೊತೆಯ ಹೆಂಗಸರು ಓಡಿ ಬಂದು, "ಭಟ್ರೆ, ನಿಮ್ಮನೆಯವ್ರು ಹಲ್ಲು ಬಿಟ್ಟು ನಕ್ಕಿದ್ದು ಕ್ಯಾಮೆರಾಕ್ಕೆ ಸಿಕ್ತು" ಎಂದರು.

"ಸೆರಗು ಎಲ್ಲಿ ಹೋಗಿತ್ತೇ?" ಎಂದು ನಮ್ಮವಳನ್ನು ಕೇಳಿದೆ.

"ಎಂತ ಮಾಡದು," ಎಂದಳು. "ಕೈ ಎತ್ತಿದ್ರೆ ಕುದುರೆ ನಿಲ್ತಿತ್ತಲ."

ಸುಳ್ಳು ಜೂಜು

ಸಂಜೆ ಮನೆಗೆ ಬಂದರೆ ನಮ್ಮಮ್ಮ ಅವಳನ್ನು ಹೊಸ್ತಿಲಲ್ಲೇ ತಡೆದರು. ರೇಸು ಎಂದರೆ ಜೂಜು, ಜೂಜಿನ ಕೇಡು ಪಾಂಡವರಿಗೇ ತಪ್ಪಲಿಲ್ಲ ಎನ್ನುವವರು ಅವರು.

"ಜೂಜಿನ ಜಾಗಕ್ಕೆ ಹೋಗಿ ಬಂದ್ಯಲೇ, ಮಿಂದ್ಕಂಡು ಒಳಗೆ ಬಾ."

"ಅತ್ತೆ, ಅದು ನಿಜದ ಜೂಜಲ್ಲ, ಸಿನಿಮಾದ್ದು. ಬರೀ ಸುಳ್ಳು."

ಅಮ್ಮ ಯೋಚಿಸಿದರು. ಧರ್ಮ ಸೂಕ್ಷ್ಮ.

"ಹಂಗಾರೆ ಬರೀ ಕಾಲು ತೊಳ್ಕೊ, ಸಾಕು."

ಗೆದ್ದ ಮೇಲೆ ಓಡಿದ್ದು

ಸಿನಿಮಾ ನಮ್ಮ ಕಡೆ ಬಂದದ್ದು ತೀರ್ಥಹಳ್ಳಿಯ ಟಾಕೀಸಿಗೆ ಮಾತ್ರ. ತುಂಗೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಆಮೇಲೆ ಟಾಕೀಸಿಗೆ ಹೋದೆವು. ಆಪರೇಟರು ರೀಲುಗಳನ್ನು ಹಿಂದೆ ಮುಂದೆ ಹಾಕಿಬಿಟ್ಟಿದ್ದ. ಕುದುರೆಗೆ ಮೊದಲು ಹಾರ ಹಾಕಿ ಬಹುಮಾನ ಕೊಟ್ಟರು, ಆಮೇಲೆ ರೇಸು ಶುರುವಾಯಿತು.

"ಗೆದ್ದಾಯ್ತಲ್ಲ, ಇನ್ನೆಂತಕ್ಕೆ ಓಡ್ತದೆ ಅದು?" ಎಂದಿತು ಹಿಂದಿನ ಬೆಂಚು.

"ಹರಕೆ ಇರ್ಬೇಕು ಮಾರಾಯ," ಎಂದಿತು ಅದರ ಪಕ್ಕದ್ದು.

ನಾನು ನಗುತ್ತಿರುವಾಗಲೇ ಪರದೆಯ ಮೇಲೆ ಕೈ ಮುಗಿದ ಜನ ಬಂದರು, ಅವಳ ಅಂಗೈ ಬಂದು ನನ್ನ ಎರಡೂ ಕಣ್ಣು ಮುಚ್ಚಿತು. "ನೀವು ನೋಡೂದು ಬೇಡ. ಚಂದ ಇಲ್ಲೆ." ಟಾಕೀಸಿಗೆ ಟಾಕೀಸೇ ನಕ್ಕಿತು. ನಾನು ಕೈ ಸರಿಸಬಹುದಿತ್ತು. ಅಂಗೈ ಬೆಚ್ಚಗಿತ್ತು, ಸುಮ್ಮನಿದ್ದೆ. ನಾಳೆ ಒಬ್ಬನೇ ಬಂದು ನೋಡಿದರಾಯಿತು ಎಂದುಕೊಂಡೆ.

ಮಾರನೇ ದಿನ ಹೋದರೆ ಆ ಸಿನಿಮಾ ಎತ್ತಿ ಬೇರೆ ಹಾಕಿದ್ದರು. ಓಡುವ ಮೊದಲೇ ಗೆದ್ದ ಕುದುರೆ ಸಿನಿಮಾವನ್ನು ಎರಡು ದಿನವೂ ಓಡಿಸಲಿಲ್ಲ.

ದರ್ಶನ

ಅವಳು ಹೋದ ಮೇಲೆ ದಿನವೂ ದೀಪ ಹಚ್ಚುವಾಗ ಕೇಳುತ್ತಿದ್ದೆ, "ಒಂದ್ಸಲ ಆ ನಗು ತೋರಿಸು ತಂದೆ, ಇನ್ನೇನೂ ಕೇಳುವುದಿಲ್ಲ." ಇದೇ ಮಾತನ್ನು ಹಿಂದೆ ಬೇರೆ ಬೇರೆ ವಿಷಯಕ್ಕೂ ಹೇಳಿದ್ದೇನೆ. ಅವನು ಮರೆತ ಹಾಗೆ ಮಾಡುತ್ತಾನೆ, ದೊಡ್ಡವನು. ಹೊಸನಗರ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನಿಗೂ ಆ ಸಿನಿಮಾ ಹುಡುಕಲು ಹೇಳಿಟ್ಟಿದ್ದೆ. ಮೊನ್ನೆ ಅವನ ಫೋನು ಬಂತು. "ಭಟ್ರೆ, ಬನ್ನಿ. ನಿಮ್ಮ ಕುದುರೆ ಸಿಕ್ತು. ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದಾರೆ."

ಸ್ಟೂಲಿನ ಮೇಲೆ ಕೂತೆ. ಅವನು ಫೋನನ್ನು ನನ್ನ ಮುಂದೆ ಹಿಡಿದ. ಬಯಲು ಬಂತು, ಕೈ ಮುಗಿದ ಜನ ಬಂದರು. ಎಡಗಡೆಯ ತುದಿಯಲ್ಲಿ ಅವಳ ಸೀರೆ ಕಂಡಿತು. ಇನ್ನೇನು ಮುಖ ತಿರುಗಬೇಕು, ಮೀಸೆಯ ಗಂಡಸೊಬ್ಬ ಬಾಟಲಿ ಹಿಡಿದು ಅಡ್ಡ ಬಂದು, "ಮಂಡಿ ನೋವೇ?" ಎಂದ.

"ಇವರು ನಮ್ಮ ಸಿನಿಮಾದಲ್ಲಿ ಇರಲಿಲ್ಲವಲ್ಲ," ಎಂದೆ.

"ಜಾಹೀರಾತು ಭಟ್ರೆ. ಎಣ್ಣೆಯವ್ನು ಹೋಗದೆ ಅಮ್ಮ ಬರೂದಿಲ್ಲ."

ಎಣ್ಣೆಯವನು ಹೋದ. ಅವಳು ಬಂದಳು. ನಕ್ಕಳು. ಸೊಟ್ಟ ಹಲ್ಲು, ಕುಣಿಯುವ ಭುಜ, ಮುಗಿದ ಕೈ ಎಲ್ಲವೂ ಇತ್ತು. ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು. ಚಂದ ಇಲ್ಲೆ ಎಂದಿದ್ದಳಲ್ಲ, ಅವಳು ಹೇಳಿದ ಸುಳ್ಳು ಅದೊಂದೇ.

"ನಿಲ್ಸಿ ಫೋಟೋ ತೆಗೀಲಾ?" ಎಂದ ಅಂಗಡಿಯವನು. ನಿಲ್ಲಿಸಿದರೆ ಆಕಳಿಸಿದ ಹಾಗೆ ಕಂಡಿತು. "ಬೇಡಪ್ಪ, ನಗಲಿ ಬಿಡು" ಎಂದೆ.

ನನ್ನ ಫೋನಿನಲ್ಲೇ ನೋಡುವುದನ್ನು ಕಲಿಸಿಕೊಟ್ಟಿದ್ದಾನೆ. ಈಗ ದಿನಾ ಪೂಜೆ ಮುಗಿಸಿ ಕೂರುತ್ತೇನೆ. ಮೊದಲು ಎಣ್ಣೆಯವನು, ಆಮೇಲೆ ಅವಳು. ನನಗೆ ಬೇಸರವಿಲ್ಲ. ಗರ್ಭಗುಡಿಗೆ ಹೋಗುವಾಗಲೂ ಮೊದಲು ಎದುರಾಗುವವರು ಮೀಸೆಯ ದ್ವಾರಪಾಲಕರೇ.

ನನಗೆ ಮಂಡಿ ನೋವಿಲ್ಲ. ಆದರೂ ಆ ಎಣ್ಣೆ ಒಂದು ಬಾಟಲಿ ತರಿಸಿದೆ. ದಿನಾ ಒಳಗೆ ಬಿಡುವವನಿಗೆ ಏನಾದರೂ ಕೊಡಬೇಕಲ್ಲ.