ಮುದ್ದೆ, ಸೊಪ್ಪು ಮತ್ತು ಒಂದು ಕ್ರಿಯಾಪದ

ಕೆಲವರು ಅಡುಗೆಮನೆಗೆ ಹೋದರೆ ಅಡುಗೆಯಾಗುತ್ತದೆ. ನಾನು ಹೋದರೆ ಪ್ರಸಂಗವಾಗುತ್ತದೆ. ಒಂದು ಮುಗಿಯಿತು ಎಂದು ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಒಲೆಯ ಮೇಲೆ ಇರುತ್ತದೆ.

ಯುದ್ಧದ ಕಾಲದಲ್ಲಿ ನಾನು ಶ್ರೀನಿವಾಸಪುರದಲ್ಲಿ ಸ್ಕೂಲಿನ ಕನ್ನಡ ಪಂಡಿತನಾಗಿದ್ದೆ. ಹುಟ್ಟಿದ್ದು ಮೈಸೂರು. ಅಂದರೆ, ಕನ್ನಡವೆಲ್ಲ ನಮ್ಮೂರಿನ ಕೊಳಾಯಿಯಲ್ಲೇ ಬರುತ್ತದೆ, ಮಿಕ್ಕ ಊರಿನವರು ಅದನ್ನು ಕೊಡದಲ್ಲಿ ಹಿಡಿದುಕೊಂಡು ಹೋಗುತ್ತಾರೆ ಎಂದು ನಂಬಿದ್ದವನು. ಆ ಊರಿನಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಿದ್ದರು. ಅದನ್ನು ಕಲಿಯಬೇಕೆಂದು ನನಗೆ ಅನ್ನಿಸಲೇ ಇಲ್ಲ. ಹಳಗನ್ನಡ ಬಲ್ಲವನಿಗೆ ತೆಲುಗು ಯಾವ ಮಹಾ!

ಡಾಕ್ಟರ ಅಪ್ಪಣೆ

ಹೆಂಡತಿ ಬಾಣಂತನಕ್ಕೆ ಮೈಸೂರಿಗೆ ಹೋದಳು. ನಾನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಬೆಳಿಗ್ಗೆ ತುಪ್ಪದ ದೋಸೆ, ಸಂಜೆ ಬೋಂಡ, ನಡುವೆ ಬೇಜಾರಾದರೆ ಮೈಸೂರು ಪಾಕು. ನೋಡುನೋಡುತ್ತಲೇ ನಮ್ಮಿಬ್ಬರಲ್ಲಿ ಬಸುರಿ ಯಾರು ಎಂದು ಕೇಳುವ ಹಾಗಾಯಿತು. ಸ್ಕೂಲಿನ ಮೆಟ್ಟಿಲು ಹತ್ತಿದರೆ ಪಾಠಕ್ಕೆ ಉಸಿರು ಉಳಿಯುತ್ತಿರಲಿಲ್ಲ.

ಕೋಲಾರದ ಡಾಕ್ಟರಿಗೆ ತೋರಿಸಲು ಹೊರಟೆ. ಯುದ್ಧದಿಂದ ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಏರಿನಲ್ಲಿ ಬಸ್ಸು ನಿಂತಿತು. ತಳ್ಳಬೇಕೆಂದು ಕಂಡಕ್ಟರು ಎಲ್ಲರನ್ನೂ ಇಳಿಸತೊಡಗಿದ. ಮೊದಲು ನಾನು ಇಳಿದೆ. ಬಸ್ಸು ತಾನೇ ಹೊರಟುಬಿಟ್ಟಿತು.

ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ, ಬಡಿದು, ಕಿವಿಗೊಟ್ಟು ಕೇಳಿ, ‘ಹೋಟೆಲು ಬಿಡಿ’ ಅಂದರು. ‘ಮನೇಲಿ ರಾಗಿ ಮುದ್ದೆ, ಸೊಪ್ಪು, ಹುರುಳಿ ಕಾಳು ಮಾಡ್ಕೊಂಡು ತಿನ್ನಿ. ಎಣ್ಣೆ ತುಪ್ಪ ಕಣ್ಣಲ್ಲೂ ನೋಡಬೇಡಿ.’

‘ನನಗೆ ಅಡಿಗೆ ಮಾಡಕ್ಕೆ ಬರಲ್ಲ ಡಾಕ್ಟ್ರೇ.’

‘ಇನ್ನೂ ಒಳ್ಳೇದಾಯ್ತು. ಕಮ್ಮಿ ತಿಂತೀರಿ.’

ಸೋದರತ್ತೆಯ ಭಯ

ವಿಷಯ ಮೈಸೂರಿಗೆ ಮುಟ್ಟಿತು. ‘ನಿಮ್ಮ ಕೈಲಿ ಆಗದಿದ್ದರೆ ಮುಳಬಾಗಿಲಿಂದ ನಿಮ್ಮ ಸೋದರತ್ತೇನ ಕರೆಸ್ತೀನಿ’ ಎಂದು ಹೆಂಡತಿ ಹೇಳಿ ಕಳಿಸಿದಳು.

ಇದನ್ನು ಕೇಳಿ ನನ್ನ ಜೀವ ಹೋಯಿತು. ಅತ್ತೆ ಹಿಂದೆ ಒಮ್ಮೆ ಬಂದಿದ್ದಾಗ ನನ್ನ ನಶ್ಯದ ಡಬ್ಬಿ ಬಾವಿಗೆ ಬಿತ್ತು. ಜಗಲಿಯ ಮೇಲೆ ಇಸ್ಪೀಟಿಗೆ ಬರುತ್ತಿದ್ದ ಸ್ನೇಹಿತರು ಬೀದಿಯನ್ನೇ ಬದಲಾಯಿಸಿದರು. ಕೋಳಿ ಕೂಗುವ ಮೊದಲು ಅತ್ತೆ ಕೂಗುತ್ತಿದ್ದರು, ತಣ್ಣೀರು ಸ್ನಾನಕ್ಕೆ. ರೋಗಕ್ಕೆ ಹೆದರದವನು ಅತ್ತೆಗೆ ಹೆದರಿದೆ. ನಶ್ಯ, ಇಸ್ಪೀಟು, ಬೆಳಗಿನ ನಿದ್ದೆ ಈ ಮೂರನ್ನು ಉಳಿಸಿಕೊಳ್ಳಲು ನಾನು ಅಡುಗೆ ಕಲಿಯಲೇಬೇಕಾಯಿತು. ಆರೋಗ್ಯಕ್ಕಾಗಿ ಕಲಿಯುತ್ತಿದ್ದಾನೆ ಎಂದು ಊರವರು ಹೊಗಳಿದರು. ಅವರ ಬಾಯಿಗೆ ನಾನೇಕೆ ಅಡ್ಡ ಬರಲಿ?

ಪವಿತ್ರ ಮುದ್ದೆ

ನಮ್ಮ ಮನೆತನದಲ್ಲಿ ಮುದ್ದೆ ಕಟ್ಟಿದವರಿಲ್ಲ. ಸ್ಕೂಲಿನ ಜವಾನನನ್ನು ಕೇಳಿದೆ.

‘ಅದೇನು ಬಿದ್ಯೆ ಸ್ವಾಮಿ? ಎಸರು ಕುದಿಯೋವಾಗ ಹಿಟ್ಟು ಹಾಕಿ, ಚೆನ್ನಾಗಿ ತೊಳಸಿ, ಅಷ್ಟೆ.’

ಪಾಪ, ಉಚ್ಚಾರಣೆ ಕೆಟ್ಟಿದೆ ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ. ಮನೆಗೆ ಹೋಗಿ ಎಸರಿಗೆ ಹಿಟ್ಟು ಸುರಿದೆ. ಆಮೇಲೆ ಬೃಂದಾವನದ ಗಿಡವನ್ನು ಬೋಳಿಸಿ ಚೆನ್ನಾಗಿಯೇ ತುಳಸಿ ಹಾಕಿದೆ. ಕೆಮ್ಮು ನೆಗಡಿಗೂ ಒಳ್ಳೆಯದು. ತೊಳಸುವುದೆಂದರೆ ಕೋಲು ಹಾಕಿ ತಿರುವುವುದು ಎಂದು ಯಾರೂ ಹೇಳಿರಲಿಲ್ಲವಲ್ಲ! ಗಂಟುಗಂಟಾದದ್ದನ್ನು ಹೇಗೋ ಉಂಡೆ ಮಾಡಿದೆ. ಮುದ್ದೆಯನ್ನು ನುಂಗಬೇಕಂತೆ, ಅಗಿಯಬಾರದಂತೆ. ನಾನು ಮಾಡಿದ್ದನ್ನು ಅಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅಷ್ಟರಲ್ಲಿ ವಿಚಾರಿಸಿಕೊಂಡು ಹೋಗಲು ಜವಾನ ಬಂದ. ಒಂದು ತುತ್ತು ಮುರಿದು ಕೊಟ್ಟೆ. ಅವನು ಬಲಗೈಯಲ್ಲಿ ಈಸಿಕೊಂಡು, ಬಾಯಿಗೆ ಹಾಕಿಕೊಂಡು, ಕೈಯನ್ನು ತಲೆಗೆ ಸವರಿಕೊಂಡ.

‘ಇದ್ಯಾವ ದೇವಸ್ಥಾನದ್ದು ಸ್ವಾಮಿ?’

ಗೋಡೆಯಾಚೆಯ ಮೆಚ್ಚುಗೆ

ನಮ್ಮ ಹಿತ್ತಿಲ ಗೋಡೆಯಾಚೆ ಮಾವಿನ ಮಂಡಿ ಸಾಹುಕಾರರ ಮನೆ. ಅವರ ಹೆಂಡತಿ ರಾಯಲ್ಪಾಡಿನ ಕಡೆಯವರು. ತೆಲುಗು ಬಿಟ್ಟರೆ ಬೇರೆ ಮಾತು ಅಷ್ಟಾಗಿ ಬಾರದು. ನಾನು ಸೊಪ್ಪಿನ ಸಾರನ್ನು ಒಲೆಯ ಮೇಲಿಟ್ಟು, ಜಗಲಿಯಲ್ಲಿ ಕೂತು ಹುಡುಗರ ಕಾಗುಣಿತ ತಿದ್ದುತ್ತಿದ್ದರೆ, ಆಕೆ ಗೋಡೆಯ ಮೇಲೆ ತಲೆ ಹಾಕಿ ಕೂಗುತ್ತಿದ್ದರು:

‘ಸಾಮೀ! ಮಾಡ್ತಾ ಉಂದಿ! ಮಾಡ್ತಾ ಉಂದಿ!’

ಎಂಥ ದೊಡ್ಡ ಮನಸ್ಸು! ಗಂಡಸೊಬ್ಬ ಅಡುಗೆ ಮಾಡ್ತಾ ಇದ್ದಾನೆ ಎಂದು ಊರಿಗೇ ಸಾರುತ್ತಿದ್ದಾರೆ. ನಾನು ಎದ್ದು, ಕೈಮುಗಿದು, ‘ಎಲ್ಲ ತಮ್ಮ ಆಶೀರ್ವಾದ ತಾಯಿ’ ಎಂದು ಮತ್ತೆ ಕೂರುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಆಕೆ ಇನ್ನೂ ಜೋರಾಗಿ, ‘ಮಾಡಿಪೋಯಿಂದಿ!’ ಎನ್ನುತ್ತಿದ್ದರು.

ಪಂಡಿತನಿಗೆ ಇದನ್ನು ಬಿಡಿಸುವುದು ಕಷ್ಟವೇ? ‘ಮಾಡಿ’ ನಮ್ಮದೇ. ‘ಪೋ’ ಎಂದರೆ ಹಳಗನ್ನಡದ ಹೋಗು. ಮಾಡಿಹೋಯಿತು, ಅಂದರೆ ಪೂರ್ತಿಯಾಗಿ, ಕೊರತೆಯಿಲ್ಲದೆ ಮಾಡಿ ಮುಗಿಯಿತು. ಭಲೇ ಎಂಬ ಅರ್ಥ. ಪಾತ್ರೆಯ ತಳ ಕಪ್ಪಗಿರುತ್ತಿತ್ತು, ನಿಜ. ಸಾರಿನಲ್ಲಿ ಒಂಥರಾ ಹೊಗೆಯ ವಾಸನೆಯೂ ಇರುತ್ತಿತ್ತು. ಆರೋಗ್ಯದ ಅಡುಗೆಯ ರುಚಿಯೇ ಹೀಗೆ ಎಂದುಕೊಂಡೆ. ಚೆನ್ನಾಗಿದ್ದರೆ ಡಾಕ್ಟರು ಯಾಕೆ ಹೇಳುತ್ತಿದ್ದರು?

ಹೆಡ್ಮಾಸ್ಟರ ಉಪವಾಸ

‘ನಮ್ಮ ಪಂಡಿತರನ್ನು ನೋಡಿ ಕಲೀರಿ, ಸಾತ್ವಿಕ ಆಹಾರ’ ಎಂದು ಹೆಡ್ಮಾಸ್ಟರು ಎಲ್ಲರ ಮುಂದೆ ಹೇಳುತ್ತಿದ್ದರು. ಇಷ್ಟು ಅಭಿಮಾನವಿದ್ದ ಮೇಲೆ ಊಟಕ್ಕೆ ಕರೆಯದಿದ್ದರೆ ಹೇಗೆ? ಬಂದರು, ಕೂತರು. ಎಲೆಗೆ ದಂಟಿನ ಸೊಪ್ಪಿನ ಹುಳಿ ಬಿತ್ತು. ಅದನ್ನೊಮ್ಮೆ ಬಗ್ಗಿ ನೋಡಿ, ‘ಅಯ್ಯೋ, ಇವತ್ತು ಏಕಾದಶಿ!’ ಎಂದು ಎದ್ದೇಬಿಟ್ಟರು.

‘ಏಕಾದಶಿ ಮೊನ್ನೆನೇ ಆಯ್ತಲ್ಲ ಸಾರ್?’

‘ಅದು ಪಂಚಾಂಗದ್ದು. ಇದು ಈಗ ತಾನೇ ಬಂತು.’

ಔತಣದಲ್ಲಿ ತೆಲುಗು

ಊರಿನಲ್ಲಿ ಒಂದು ಗೃಹಪ್ರವೇಶವಾಯಿತು. ಪಥ್ಯದವನು ಔತಣಕ್ಕೆ ಹೋಗಬಾರದೆಂದು ಡಾಕ್ಟರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಡುಗೆಯವರು ತೆಲುಗಿನವರು. ಪಾಯಸ ಅಮೃತ! ಅವರ ಮಾತಿನಲ್ಲೇ ಹೊಗಳೋಣವೆಂದು, ಪಂಕ್ತಿಗೆಲ್ಲ ಕೇಳುವಂತೆ, ‘ಪಾಯಸ ಮಾಡಿಪೋಯಿಂದಿ!’ ಅಂದೆ.

ಅಡುಗೆಯವರ ಮುಖ ಬಿಳುಚಿಕೊಂಡಿತು. ಸೌಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು. ಪಕ್ಕದ ಎಲೆಯವರು ಪಾಯಸವನ್ನು ಮೂಸಿ ನೋಡಿ ಅತ್ತ ಸರಿಸಿದರು. ಎರಡನೆಯ ಸಲ ಯಾರಿಗೂ ಪಾಯಸ ಬರಲೇ ಇಲ್ಲ. ಹೊಗಳಿಕೆಯನ್ನು ತಾಳಲಾರದಷ್ಟು ವಿನಯ ಪಾಕಪ್ರವೀಣರಿಗೆ ಸಹಜ.

ಅತ್ತೆಯ ಪರೀಕ್ಷೆ

ಕೊನೆಗೆ ಅತ್ತೆ ಬಂದೇ ಬಂದರು. ಕೈಯಲ್ಲಿ ಟ್ರಂಕು.

‘ಒಂದು ಹೊತ್ತು ಉಂಡು ನೋಡ್ತೀನಿ. ನೀನು ಮಾಡಿದ್ದು ಸರಿಯಾಗಿದ್ರೆ ಸಾಯಂಕಾಲದ ಬಸ್ಸಿಗೇ ಹೋಗ್ತೀನಿ. ಇಲ್ದಿದ್ರೆ ನಿನ್ನ ಹೆಂಡ್ತಿ ಬರೋವರ್ಗೂ ಇಲ್ಲೇ.’

ನಶ್ಯದ ಡಬ್ಬಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಒಲೆ ಹೊತ್ತಿಸಿದೆ. ಹುರುಳಿ ಸಾರು ಏರಿಸಿ, ಅತ್ತೆಯ ಮುಂದೆ ಕೂತು, ಎಣ್ಣೆಯ ಕೆಡುಕುಗಳನ್ನು ಒಂದೊಂದಾಗಿ ವಿವರಿಸತೊಡಗಿದೆ. ಅತ್ತೆ ಮಧ್ಯೆ ಮಧ್ಯೆ ಮೂಗು ಅರಳಿಸುತ್ತಿದ್ದರು. ಸರಿಯಾದ ಹೊತ್ತಿಗೆ ಗೋಡೆಯಾಚೆಯಿಂದ ನನ್ನ ಪರ ಸಾಕ್ಷಿ ಬಂತು.

‘ಸಾಮೀ! ಮಾಡಿಪೋಯಿಂದಿ!’

‘ಕೇಳಿದ್ರಾ ಅತ್ತೆ?’ ಅಂದೆ, ಎದೆಯುಬ್ಬಿಸಿ. ‘ದಿನಾ ಹೀಗೇ ಹೊಗಳ್ತಾರೆ. ಒಂದು ದಿನವೂ ತಪ್ಪಿಸಿಲ್ಲ.’

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ದಿನಾ?’

‘ದಿನಾ!’

‘ಲೇ, ಮಹಾ ಪಂಡಿತ! ನಾನು ಮುಳಬಾಗಿಲಿಗೆ ಸೊಸೆಯಾಗಿ ಹೋದೋಳು ಕಣೋ. ನಮ್ಮತ್ತೆ ನನ್ನ ಬೈದಿದ್ದೆಲ್ಲ ತೆಲುಗಲ್ಲೇ. ತೆಲುಗಲ್ಲಿ ಮಾಡೋದು ಅಂದ್ರೆ ಸೀಯೋದು! ಮಾಡ್ತಾ ಉಂದಿ ಅಂದ್ರೆ ಸೀಯ್ತಾ ಇದೆ. ಮಾಡಿಪೋಯಿಂದಿ ಅಂದ್ರೆ ಸೀದೇ ಹೋಯ್ತು!’

ಗೃಹಪ್ರವೇಶದ ಅಡುಗೆಯವರ ಮುಖ ಕಣ್ಣ ಮುಂದೆ ಬಂತು. ಅತ್ತೆ ಆಗಲೇ ಗೋಡೆಯ ಬಳಿ ಹೋಗಿ ತೆಲುಗಿನಲ್ಲಿ ವಿಚಾರಣೆ ನಡೆಸುತ್ತಿದ್ದರು. ನಗುತ್ತಾ ವಾಪಸು ಬಂದರು.

‘ಪಾಪ, ಆಯಮ್ಮ ಏನಂತಾರೆ ಗೊತ್ತೇನೋ? ಸೀದುಹೋಯ್ತು ಅಂತ ಕೂಗಿದ್ರೆ ಈತ ಕೈಮುಗಿದು ಕೂತ್ಕೋತಾರೆ. ಮೈಸೂರಿನ ದೊಡ್ಡೋರು ಸೀಸ್ಕೊಂಡೇ ತಿಂತಾರೇನೋ, ಅದೇನು ವ್ರತವೋ, ನಾವ್ಯಾಕೆ ಕೆಡಿಸ್ಬೇಕು ಅಂದ್ಕೊಂಡಿದ್ರಂತೆ.’

ಟ್ರಂಕು ಒಳಗೆ ಹೋಯಿತು. ಅಕ್ಕಿ ಅಳೆಯಲು ಹೋದ ಅತ್ತೆಯ ಕೈಗೆ ನಶ್ಯದ ಡಬ್ಬಿ ಸಿಕ್ಕಿತು. ಬಾವಿಯ ಕಡೆಯಿಂದ ‘ಬುಳಕ್’ ಎಂದು ಶಬ್ದ ಕೇಳಿಸಿತು.

ಮಾರನೆಯ ದಿನ ಕೋಳಿಗಿಂತ ಮೊದಲೇ ಎದ್ದು, ತಣ್ಣೀರು ಸುರಿದುಕೊಂಡು, ಹಿತ್ತಿಲಲ್ಲಿ ನಡುಗುತ್ತಾ ನಿಂತಿದ್ದೆ. ಒಳಗಿನಿಂದ ಒಗ್ಗರಣೆಯ ಘಮಘಮ ಬರುತ್ತಿತ್ತು. ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ತಲೆ ಕಾಣಿಸಿತು. ಗಾಳಿಯನ್ನು ಮೂಸಿ, ಆಶ್ಚರ್ಯದಿಂದ ಕೇಳಿದರು:

‘ಏಂ ಸಾಮೀ, ಈ ರೋಜು ಮಾಡಲೇದಾ?’

ಇವತ್ತು ಸೀಯಲಿಲ್ಲವೇ ಎಂದು ಕೇಳುತ್ತಿದ್ದಾರೆ ಎಂಬಷ್ಟು ತೆಲುಗು ಆಗ ನನಗೆ ಬಂದಿತ್ತು. ಎರಡೂ ಭಾಷೆಗೆ ಒಪ್ಪುವಂತೆ ಕೈಮುಗಿದು ಹೇಳಿದೆ:

‘ಇಲ್ಲ ತಾಯಿ. ನಾನು ಮಾಡಲಿಲ್ಲ, ಅದಕ್ಕೇ ಮಾಡಲಿಲ್ಲ.’