ಕಾಕಾ ಹಾಕಿದ ಬೀಗ

ಬೀಗ ಹಾಕಲು ಬರುತ್ತದೆ, ತೆಗೆಯಲು ಮಾತ್ರ ಬರುವುದಿಲ್ಲ ಎನ್ನುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಸ್ವಂತ ಕಾಕಾ!

ಮದುವೆಯ ಗೊಡವೆಗೆ ಹೋಗದ ಕಾಕಾ ಆಂಧ್ರಪ್ರದೇಶ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಫೈಲು ಕಾಯ್ದವರು. ನಿವೃತ್ತರಾದ ಮೇಲೆ ನಾರಾಯಣಗೂಡದ ಮನೆಯಲ್ಲಿ ಕಾಯಲು ಉಳಿದದ್ದು ಕಂಪ್ಯೂಟರಿನೊಳಗಿನ ಒಂದೇ ಫೈಲು. ನಮ್ಮಜ್ಜಿ ಬೀಸುವಾಗ ಹೇಳುತ್ತಿದ್ದ ಹಾಡುಗಳದ್ದು. ಕಾಕಾ ನೆನಪಿಸಿಕೊಂಡು ಟೈಪ್ ಮಾಡಬೇಕು. ಅದೇ ಊರಿನ ಅಬಿಡ್ಸಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು ಅಲ್ಲಿಂದಲೇ ತಿದ್ದಬೇಕು.

ಇಬ್ಬರ ಕೈ ಸೇರಿ ಗೊಂದಲವಾಗದಿರಲೆಂದು, ಫೈಲಿನ ಹಳೆಯ ರೂಪಗಳನ್ನೆಲ್ಲ ಜೋಪಾನವಾಗಿಡುವ ತಂತ್ರಾಂಶ ಹಾಕಿಕೊಟ್ಟೆ. ಅದರಲ್ಲಿ ಒಬ್ಬರು ಬೀಗ ಹಾಕಿದರೆ ಇನ್ನೊಬ್ಬರು ತಿದ್ದುವಂತಿಲ್ಲ. ಪ್ರತಿ ಸಲ ಫೈಲು ಒಪ್ಪಿಸುವಾಗ ಒಂದು ಟಿಪ್ಪಣಿಯನ್ನೂ ಬರೆಯಬೇಕು. ಬೀಗ! ಟಿಪ್ಪಣಿ! ಕಾಕಾನ ಕಣ್ಣುಗಳು ಅರಳಿದವು. ಮರುದಿನದಿಂದ ಇಸ್ತ್ರಿ ಅಂಗಿ ತೊಟ್ಟು, ಕೈಗಡಿಯಾರ ಕಟ್ಟಿಕೊಂಡೇ ಕಂಪ್ಯೂಟರಿನ ಮುಂದೆ ಹಾಜರು! ಮೊದಲ ಟಿಪ್ಪಣಿ: "ಪರಿಶೀಲಿಸಿ ಸಲ್ಲಿಸಲಾಗಿದೆ." ಓದಿ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಟಿಪ್ಪಣಿಗಳ ಕಡೆ ನೋಡಲೇ ಇಲ್ಲ.

ಒಂದು ವಾರವೂ ಕಳೆದಿರಲಿಲ್ಲ, ಫೋನು ಬಂತು.

"ತಮ್ಮಾ, ಇದು ಎರರ್ ಅನ್ನಾಕತ್ತೈತಿ. ನಂದೇನೂ ತಪ್ಪಿಲ್ಲ."

ಹೋಗಿ ನೋಡಿದರೆ, ಫೈಲು ಒಪ್ಪಿಸುತ್ತಿರುವಾಗಲೇ ಸ್ವಿಚ್ಚು ಆರಿಸಿ ಬಟ್ಟೆ ಹೊದಿಸಿದ್ದರು.

"ಕಾಕಾ, ಕೆಲಸ ಮುಗಿಯೂತನಕ ಬಂದ್ ಮಾಡಬ್ಯಾಡ್ರಿ."

"ಐದು ಹೊಡದ ಮ್ಯಾಲ ಯಾವ ಆಫೀಸು ಕೆಲಸಾ ಮಾಡ್ತದೋ?"

ಸರಿಪಡಿಸಲು ಐದು ನಿಮಿಷ. ಕಾಕಾ ಕೈಯಾರೆ ಹುರಿದ ಅವಲಕ್ಕಿ ಚೂಡಾ ತಿಂದು, ಅಜ್ಜಿಯ ಒಂದು ಹಾಡು ಕೇಳಿ ಏಳಲು ಎರಡು ಗಂಟೆ!

ನಂತರ ಬೀಗದ ಕಾಟ ಶುರುವಾಯಿತು. ವಾರ ವಾರವೂ ಫೈಲು ಬಂದ್.

"ಬೀಗಾ ಯಾಕ ಹಂಗಽ ಬಿಡ್ತೀರಿ ಕಾಕಾ?"

"ತಗೀಲಿಕ್ಕೆ ಬರವಲ್ದಪ್ಪಾ. ನೀನಽ ಬಾ."

ಎಷ್ಟು ಸಲ ಹೇಳಿಕೊಟ್ಟರೂ ಅದೇ ಮಾತು. ನನಗೂ ರೇಗಿತು. ಬೇರೆಯವರ ಬೀಗವನ್ನು ಕುಳಿತಲ್ಲಿಂದಲೇ ಮುರಿಯುವ ಉಪಾಯ ಕಲಿತು, ಜಂಬದಿಂದ ಫೋನು ಮಾಡಿದೆ. "ಕಾಕಾ, ಇನ್ನ ನಾ ಬರೂದಽ ಬ್ಯಾಡ. ಇಲ್ಲಿಂದನಽ ಮುರೀತೀನಿ!"

"ಹೌದಾ? ಭಾಳ ಚಲೋ ಆತು," ಎಂದರು ಕಾಕಾ.

ಆದರೂ ಅವರು ಬೀಗ ಹಾಕುವುದನ್ನು ಬಿಡಲಿಲ್ಲ, ನಾನು ಮುರಿಯುವುದನ್ನು ಬಿಡಲಿಲ್ಲ. ಎರಡು ವರ್ಷದಲ್ಲಿ ನಾನು ಆ ಮನೆಗೆ ಹೋದದ್ದು ಹಬ್ಬಕ್ಕೆ ಮಾತ್ರ. ಒಂದು ದಿನ ಬೆಳಿಗ್ಗೆ ಕಾಕಾ ಏಳಲಿಲ್ಲ.

ತಿಂಗಳ ನಂತರ ಹಾಡುಗಳನ್ನು ಮುದ್ರಿಸಲು ಕುಳಿತೆ. ಮತ್ತೆ ಬೀಗ! ಈ ಸಲ ಮುರಿಯಲು ಕೈ ಬರಲಿಲ್ಲ. ಟಿಪ್ಪಣಿಗಳ ಪಟ್ಟಿ ತೆರೆದೆ.

"ಚೂಡಾ ಮಾಡೀನಿ. ಬಂದು ಬೀಗಾ ತಗಿ."

"ನಾಂಪಲ್ಲಿಯೊಳಗ ವರ್ಷದ ನುಮಾಯಿಷ್ ಪ್ರದರ್ಶನ ಸುರು ಆಗೈತಿ. ಫುರ್ಸತ್ ಸಿಕ್ಕರ ಬಾ, ಹೋಗೂಣು."

ಇಂಥವು ಪುಟಗಟ್ಟಲೆ ಇದ್ದವು. ನಾಚಿಕೆಯಿಂದ ತಲೆ ತಗ್ಗಿಸಿ ಓದುತ್ತಾ ಹೋದೆ. ಕೊನೆಯದು ಅವರು ಹೋಗುವುದಕ್ಕೆ ನಾಲ್ಕು ದಿನ ಮೊದಲು ಬರೆದದ್ದು.

"ಅವ್ವನ ಇನ್ನೊಂದು ಹಾಡು ನೆನಪಾತು. ಟೈಪ್ ಮಾಡೂದಿಲ್ಲ. ನೀ ಬಂದ್ರ ಹಾಡ್ತೀನಿ."

ಆ ಹಾಡು ಫೈಲಿನಲ್ಲಿಲ್ಲ. ಅಬಿಡ್ಸಿನಿಂದ ನಾರಾಯಣಗೂಡಕ್ಕೆ ಬಸ್ಸಿನಲ್ಲಿ ಕಾಲು ಗಂಟೆ. ನಾನು ಹೋಗಲಿಲ್ಲ.